ಅಬರ್ಡೀನ್‌ನ ಬೂಷ್ಟು ಗೋಡೆ
ಕಲಬುರಗಿಯಲ್ಲಿ ಬೆಳೆದ ನನಗೆ 42 ಡಿಗ್ರಿ ಬಿಸಿಲು ಗೊತ್ತು, ಒದ್ದೆ ಚಳಿ ಗೊತ್ತಿರಲಿಲ್ಲ. ಸ್ಕಾಟ್ಲೆಂಡಿನ ಕಡಲೂರು ಅಬರ್ಡೀನ್‌ಗೆ ಒಬ್ಬಳೇ ಹೋದೆ. ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆಗೇ ಹೊತ್ತು ಮುಳುಗುತ್ತದೆ. ಚಳಿಗೆ ಹೆದರಿ ಕಿಟಕಿ ತೆರೆಯಲೇ ಇಲ್ಲ. ಬಟ್ಟೆಯನ್ನೂ ಹೀಟರ್ ಮೇಲೆಯೇ ಒಣಗಿಸಿದೆ. ತಿಂಗಳೊಳಗೆ ಕಪಾಟಿನ ಹಿಂದೆ ಕರಿ ಎಳ್ಳು ಚೆಲ್ಲಿದಂತೆ ಬೂಷ್ಟು. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿಯೂ ಮೆತ್ತಗಾಯಿತು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

ಮನೆ ಮಾಲೀಕರನ್ನು ಬೈದುಕೊಂಡೆ, ಆದರೆ ತಪ್ಪು ನನ್ನದೇ. ಬಟ್ಟೆಯ, ಅಡುಗೆಯ ಹಬೆ ಹೊರಹೋಗದೆ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿತ್ತು. ಬೂಷ್ಟು ಒರೆಸಿ, ಕಪಾಟನ್ನು ಗೋಡೆಯಿಂದ ಗೇಣು ದೂರ ಸರಿಸಿದೆ. ದಿನಕ್ಕೆರಡು ಬಾರಿ ಹತ್ತು ನಿಮಿಷ ಕಿಟಕಿ ತೆರೆಯತೊಡಗಿದೆ. ಬೂಷ್ಟು ಮರಳಲಿಲ್ಲ.

ರಜೆಗೆ ಬಂದಾಗ ಕಲಬುರಗಿಯಲ್ಲೂ ಮಧ್ಯಾಹ್ನ ಕಿಟಕಿ ತೆರೆದೆ. “ಮುಚ್ಚು, ಝಳ ಬರುತ್ತದೆ” ಎಂದು ಅವ್ವ ಗದರಿದಳು.