ಸ್ಕೂಲಿನ ಮುಂದಿನ ಟೇಬಲ್ಲಿಗೆ ಹೊಸದಾಗಿ ಬಂದವರಿಗೆ

ಶಿಡ್ಲಘಟ್ಟದ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ ನಾನು ಒಂಬತ್ತು ವರ್ಷದಿಂದ ರಿಸೆಪ್ಷನಿಸ್ಟ್. ಪ್ರತಿ ವರ್ಷ ಮೇ ತಿಂಗಳಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. "ಅಕ್ಕಾ, ನಂಗೂ ಸ್ಕೂಲಲ್ಲಿ ಕೆಲಸ ಸಿಕ್ತು, ಏನೇನು ನೋಡ್ಕೋಬೇಕು?" ಅಂತ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಗೇಟ್ ಪಾಸ್. ಮಗು ಯಾರ ಜೊತೆ ಹೊರಗೆ ಹೋಗುತ್ತಿದೆ ಅನ್ನೋದು ಮುಖ್ಯ, ಫೋನು ಫೈಲು ಫೀಸು ಎಲ್ಲಾ ಆಮೇಲೆ. ನಾನು ಸೇರಿದ ಎರಡನೇ ವರ್ಷ ಒಬ್ಬರು ಬಂದು "ನಾನು ಅವಳ ಚಿಕ್ಕಪ್ಪ, ಊರಿಗೆ ಹೋಗಬೇಕು" ಅಂದರು. ಯುಕೆಜಿ ಮಗು ಓಡಿ ಹೋಗಿ ಅವರ ಕೈ ಹಿಡಿಯಿತು. ಮಗುವಿಗೇ ಗುರುತಿದೆಯಲ್ಲ ಅಂತ ಕಳಿಸಿಬಿಟ್ಟೆ. ಅರ್ಧ ಗಂಟೆಗೆ ಅಮ್ಮ ಬಂದರು. ಅವರಿಗೆ ವಿಷಯವೇ ಗೊತ್ತಿರಲಿಲ್ಲ, ಮನೆಯಲ್ಲಿ ಜಗಳ ನಡೆದಿತ್ತು. ಮಗು ಅಜ್ಜಿ ಮನೆಯಲ್ಲಿ ಕ್ಷೇಮವಾಗಿತ್ತು, ಆದರೆ ಅದು ಗೊತ್ತಾಗುವವರೆಗಿನ ಆ ಒಂದು ಗಂಟೆ ನನಗೆ ಇವತ್ತಿಗೂ ನೆನಪಿದೆ. ಅವತ್ತಿನಿಂದ ನನ್ನ ಪದ್ಧತಿ ಒಂದೇ. ಅಡ್ಮಿಷನ್ ಫಾರಂನಲ್ಲಿ ಇರುವ ನಂಬರಿಗೆ ನಾನೇ ಫೋನ್ ಮಾಡುತ್ತೇನೆ. ಬಂದವರು "ತಗೊಳ್ಳಿ, ಅವರಪ್ಪನೇ ಮಾತಾಡ್ತಿದಾರೆ" ಅಂತ ತಮ್ಮ ಮೊಬೈಲ್ ಚಾಚಿದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹೆಸರು, ಸಂಬಂಧ, ಸಮಯ, ಸಹಿ, ಆಮೇಲೆ ಕ್ಲಾಸ್ ಟೀಚರ್ ಒಪ್ಪಿಗೆ. ಕೋಪ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. "ನಿಮ್ಮ ಮಗುವಿಗೋಸ್ಕರ ತಾನೇ ಅಣ್ಣ" ಅಂತ ಹೇಳಿ, ಆದರೆ ಬಿಡಬೇಡಿ.

ಭಾಷೆ ವಿಷಯಕ್ಕೆ ಬಂದರೆ, ನಮ್ಮ ಕಡೆ ಕನ್ನಡ ಒಂದೇ ಸಾಲದು. ಬಾಗೇಪಲ್ಲಿ, ಚಿಂತಾಮಣಿ ಕಡೆಯವರು ತೆಲುಗಿನಲ್ಲೇ ಶುರು ಮಾಡುತ್ತಾರೆ, ರೇಷ್ಮೆ ರೀಲಿಂಗ್, ಅಂದರೆ ಗೂಡಿನಿಂದ ನೂಲು ತೆಗೆಯುವ ಕೆಲಸ ಮಾಡುವ ಎಷ್ಟೋ ಮನೆಗಳಲ್ಲಿ ಉರ್ದು. ನಿಮಗೆ ಬರದಿದ್ದರೂ "ಕೂರ್ಚೋಂಡಿ", "ಬೈಠಿಯೇ" ಅಂತ ಒಂದು ಮಾತು ಹೇಳಿ ನೋಡಿ. ಹೆದರಿಕೊಂಡು ಬಂದ ಅಮ್ಮ ಆರಾಮಾಗಿ ಕೂತುಕೊಳ್ಳುತ್ತಾರೆ.

ಫೀಸಿನ ಬಗ್ಗೆ ಯಾರೂ ಹೇಳಿಕೊಡದ ಮಾತೊಂದಿದೆ. ಇಲ್ಲಿ ಫೀಸು ರೇಷ್ಮೆ ಗೂಡಿನ ಜೊತೆ ನಡೆಯುತ್ತದೆ. "ಹುಳ ನಾಲ್ಕನೇ ಜ್ವರದಿಂದ ಎದ್ದಿದೆ ಮೇಡಂ, ಗೂಡು ಮಾರಿದ ತಕ್ಷಣ ಕಟ್ತೀನಿ" ಅಂತ ಒಬ್ಬರು ಹೇಳಿದರೆ ಅದು ನೆಪ ಅಲ್ಲ. ಜ್ವರ ಅಂದರೆ ಹುಳ ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು, ನಾಲ್ಕನೆಯದೇ ಕೊನೆಯದು. ಆಮೇಲೆ ಹುಳ ಒಂದು ವಾರ ಸೊಪ್ಪು ತಿಂದು ಹಣ್ಣಾಗಬೇಕು, ಅಂದರೆ ಗೂಡು ಕಟ್ಟಲು ತಯಾರಾಗಬೇಕು, ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಏರಬೇಕು, ಗೂಡು ಗಟ್ಟಿಯಾಗಿ ಬಿಡಿಸಿ ಮಾರುಕಟ್ಟೆಗೆ ಹೋಗಬೇಕು. ಎಲ್ಲಾ ಸೇರಿ ಸುಮಾರು ಹದಿನೈದು ದಿನ. ಆ ತಾರೀಖನ್ನು ಡೈರಿಯಲ್ಲಿ ಬರೆದುಕೊಂಡು ಅಕೌಂಟ್ಸ್‌ನವರಿಗೆ ಹೇಳಿ, ನಡುವೆ ಫೋನ್ ಮಾಡಿ ಕಾಡಬೇಡಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬಾಕಿ ಫೀಸಿನ ಮಾತನ್ನು ಮಗುವಿನ ಎದುರಿಗೆ ಎತ್ತಲೇಬೇಡಿ, ಬೇರೆ ಪೋಷಕರು ಕೂತಿರುವಾಗಲೂ ಬೇಡ.

ಇನ್ನು ಕಾಗದಪತ್ರ. ಟಿಸಿ, ಸ್ಟಡಿ ಸರ್ಟಿಫಿಕೇಟ್, ಸ್ಯಾಟ್ಸ್ ನಂಬರ್ (ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ), ಇವು ಮೂರೂ ದಿನಾ ಕೇಳುವಂಥವು. ಸಿಇಟಿ ಸಮಯದಲ್ಲಿ ಹಳೇ ವಿದ್ಯಾರ್ಥಿಗಳು ಒಟ್ಟಿಗೇ ಬರುತ್ತಾರೆ. ಕನ್ನಡ ಮಾಧ್ಯಮ ಅಥವಾ ಗ್ರಾಮೀಣ ಮೀಸಲಾತಿ ಬೇಕಾದರೆ ಒಂದರಿಂದ ಹತ್ತರವರೆಗೆ ಓದಿದ್ದಕ್ಕೆ ಸರ್ಟಿಫಿಕೇಟ್ ಬೇಕು, ಅದಕ್ಕೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಬೇಕು. ಬಂದವರಿಗೆ ಇದನ್ನು ಮೊದಲ ದಿನವೇ ಹೇಳಿದರೆ ಎರಡು ಸಲ ಬಸ್ಸಿನ ಖರ್ಚು ಉಳಿಯುತ್ತದೆ, ಅಲ್ವಾ? ಹೊಸ ಅಡ್ಮಿಷನ್ ಆದರೆ ಮಗುವಿನ ಹೆಸರನ್ನು ಕಿವಿಯಿಂದ ಕೇಳಿ ಬರೆಯಬೇಡಿ. ಜನನ ಪ್ರಮಾಣಪತ್ರ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ. ಇನಿಷಿಯಲ್ ಮುಂದೆಯೋ ಹಿಂದೆಯೋ ಅಂತಲೂ ಕೇಳಿ. ಇವತ್ತು ತಪ್ಪಿದ ಒಂದು ಅಕ್ಷರಕ್ಕೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಬಂದಮೇಲೆ ಆ ಮಗು ಅಲೆಯಬೇಕಾಗುತ್ತದೆ.

ಜೂನ್‌ನಲ್ಲಿ ಅಳುವ ನರ್ಸರಿ ಮಕ್ಕಳಿಗೆ "ಯಾಕಮ್ಮ ಅಳ್ತೀಯಾ" ಅಂತ ಕೇಳಿದರೆ ಅಳು ಜಾಸ್ತಿಯಾಗುತ್ತದೆ. ನಾನು ರಫ್ ಹಾಳೆ, ರಬ್ಬರ್ ಸ್ಟಾಂಪ್ ಕೊಟ್ಟು "ಇಲ್ಲಿ ಒತ್ತು" ಅನ್ನುತ್ತೇನೆ. ನಾಲ್ಕನೇ ಸಲ ಒತ್ತುವಷ್ಟರಲ್ಲಿ ಸುಮ್ಮನಾಗುತ್ತಾರೆ. ಜ್ವರ ಬಂದ ಮಗುವಿಗೆ ನೀವೇ ಮಾತ್ರೆ ಕೊಡಬೇಡಿ, ಮನೆಗೆ ಫೋನ್ ಮಾಡಿ.

ದೊಡ್ಡ ಮಕ್ಕಳು ಕೆಲವೊಮ್ಮೆ ಸುಮ್ನೆ ಬಂದು ಟೇಬಲ್ ಪಕ್ಕ ನಿಲ್ಲುತ್ತಾರೆ. ಟೀಚರ್ ಹತ್ತಿರ ಹೇಳಲಾಗದ್ದನ್ನು ನಮ್ಮ ಹತ್ತಿರ ಹೇಳುತ್ತಾರೆ. ಯಾರೋ ಕೆಟ್ಟದಾಗಿ ಮುಟ್ಟಿದರು ಅನ್ನುವಂಥ ಮಾತು ಬಂದರೆ, ಮಗುವನ್ನು ಮತ್ತೆ ಮತ್ತೆ ಕೆದಕಬೇಡಿ. ಅದು ಹೇಳಿದ ಮಾತನ್ನು ಹಾಗೇ ಬರೆದಿಟ್ಟು ಅವತ್ತೇ ಎಚ್‌ಎಂಗೆ ತಿಳಿಸಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸ್ಕೂಲಿನ ಮರ್ಯಾದೆ ಅಂತ ಯಾರಾದರೂ ತಡೆದರೂ ನಿಲ್ಲಬೇಡಿ. ಮಕ್ಕಳ ಸಹಾಯವಾಣಿ 1098 ನಂಬರನ್ನು ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಗೋಡೆಗೆ ಅಂಟಿಸಿ.

ಕೊನೆಗೆ ನಿಮ್ಮ ಬಗ್ಗೆ. ಈ ಕೆಲಸದಲ್ಲಿ ಯಾವುದೂ ಮುಗಿಯುವುದಿಲ್ಲ. ಒಬ್ಬರಿಗೆ ಉತ್ತರ ಕೊಡುವಷ್ಟರಲ್ಲಿ ಇನ್ನೊಬ್ಬರು ನಿಂತಿರುತ್ತಾರೆ, ಫೋನ್ ಹೊಡೆದುಕೊಳ್ಳುತ್ತಿರುತ್ತದೆ, ಸಂಜೆ ಇವತ್ತು ಏನು ಮಾಡಿದೆ ಅಂತ ನೋಡಿದರೆ ಕಣ್ಣಿಗೆ ಕಾಣುವಂಥದ್ದು ಏನೂ ಇರುವುದಿಲ್ಲ. ಅದಕ್ಕೇ ಕೈಯಲ್ಲಿ ಮುಗಿಯುವ ಕೆಲಸ ಒಂದಿರಲಿ. ನಾನು ಸೀರೆಗೆ ಕುಚ್ಚು ಹಾಕುತ್ತೇನೆ. ಸೆರಗಿನ ಎಳೆ ಬಿಡಿಸಿ, ಸಮವಾಗಿ ಎಣಿಸಿ ಗಂಟು ಹಾಕಿ, ಬಣ್ಣ ಹೊಂದುವ ರೇಷ್ಮೆ ದಾರ ಸುತ್ತಿ, ಮಣಿ ಪೋಣಿಸುವಾಗ ಯಾರೂ ನನ್ನನ್ನು "ಮೇಡಂ" ಅಂತ ಕರೆಯುವುದಿಲ್ಲ. ಸೀರೆ ಮುಗಿದಾಗ ಮಡಿಲಲ್ಲಿ ಹರಡಿಕೊಂಡು ನೋಡುವ ಖುಷಿಯೇ ಬೇರೆ. ಭಾನುವಾರ ಆದರೆ ತಂಗಿ ಜೊತೆ ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ ಕಲ್ಯಾಣಿ ಹತ್ತಿರ ಕೂತು ಬರುತ್ತೇನೆ, ವಾರವೆಲ್ಲಾ ಮಾತಾಡಿದ ಗಂಟಲಿಗೆ ಅದೇ ವಿಶ್ರಾಂತಿ.

ನಿಮಗೂ ಕುಚ್ಚು ಕಲಿಯುವ ಆಸೆ ಇದ್ದರೆ ಹಳೇ ದುಪಟ್ಟಾದ ಅಂಚಿನಲ್ಲಿ ಶುರು ಮಾಡಿ. ಗಂಟುಗಳು ಒಂದೇ ಸಾಲಿಗೆ ಬರುವವರೆಗೆ ರೇಷ್ಮೆ ಸೀರೆ ಮುಟ್ಟಬೇಡಿ, ಟ್ಯೂಬ್‌ಲೈಟ್ ಕೆಳಗೆ ಕಪ್ಪು ದಾರದ ಕೆಲಸವಂತೂ ಬೇಡವೇ ಬೇಡ.