ಬೇಸಿಗೆಯ ಪರಾಗ ಅಲರ್ಜಿ: ಮೂಗಿನ ಸ್ಪ್ರೇ ಬಳಸುವ ಸರಿಯಾದ ಕ್ರಮ

ಶಿವರಾತ್ರಿ ಕಳೆದು ಬಿಸಿಲೇರುತ್ತಿದ್ದಂತೆ ಬೆಂಗಳೂರಿನಲ್ಲಿ ಅನೇಕರಿಗೆ ಬೆಳಿಗ್ಗೆ ಎದ್ದೊಡನೆ ಸಾಲುಸಾಲು ಸೀನು, ಕಣ್ಣಿನ ತುರಿಕೆ ಶುರುವಾಗುತ್ತವೆ. ಜ್ವರವಿಲ್ಲದೆ, ತುರಿಕೆಯೊಡನೆ, ಎರಡು ವಾರ ದಾಟಿದರೂ ಬಿಡದ ನೆಗಡಿಯನ್ನು ಅಲರ್ಜಿಯೆಂದೇ ಶಂಕಿಸಬೇಕು. ಎಲ್ಲರೂ ದೂರುವುದು ರಸ್ತೆಬದಿಯ ಗುಲಾಬಿ ಬಣ್ಣದ ಟಬೂಬಿಯಾ ಹೂಗಳನ್ನು. ಆದರೆ ಅಂಥ ಹೂಗಳ ಪರಾಗ ಹೆಚ್ಚಾಗಿ ಕೀಟಗಳ ಮೈಗಂಟಿ ಸಾಗುತ್ತದೆ. ಗಾಳಿಯಲ್ಲಿ ತೇಲಿ ಬಂದು ಕಾಡುವುದು ಹುಲ್ಲುಗಳ, ಸರ್ವೆಯಂಥ ಮರಗಳ ಹಾಗೂ ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂನ ಪರಾಗ. ಈ ಕಾಂಗ್ರೆಸ್ ಗಿಡವನ್ನು ಬರಿಗೈಯಲ್ಲಿ ಕೀಳಬೇಡಿ, ಚರ್ಮಕ್ಕೂ ಅಲರ್ಜಿಯಾಗುತ್ತದೆ.

ಮೊದಲು, ಬೆಳಗಿನ ಹೊತ್ತು ಕಿಟಕಿ ಮುಚ್ಚಿಡಿ, ಹೊರಗೆ ಮಾಸ್ಕ್ ಧರಿಸಿ, ಮನೆಗೆ ಬಂದೊಡನೆ ಬಟ್ಟೆ ಬದಲಿಸಿ ಮುಖ ತೊಳೆಯಿರಿ.

ಎರಡನೆಯದಾಗಿ, ಉಪ್ಪುನೀರಿನಿಂದ ಮೂಗು ತೊಳೆಯಿರಿ. ಅರ್ಧ ಲೀಟರ್ ನೀರಿಗೆ ಸುಮಾರು 4.5 ಗ್ರಾಂ ಉಪ್ಪು ಸಾಕು. ನೀರನ್ನು ಕುದಿಸಿ ಆರಿಸಿರಲೇಬೇಕು. ಅಪರೂಪವಾದರೂ ಪ್ರಾಣಕ್ಕೆರವಾಗುವ ಅಮೀಬಾ ಮೂಗಿನ ಮೂಲಕವೇ ಮಿದುಳು ಸೇರುವುದರಿಂದ ನಲ್ಲಿಯ ನೀರನ್ನು ನೇರವಾಗಿ ಬಳಸುವಂತಿಲ್ಲ.

ಮೂರನೆಯದು, ವೈದ್ಯರು ಬರೆದುಕೊಡುವ ಸ್ಟಿರಾಯ್ಡ್ ಸ್ಪ್ರೇ. ಹೆಚ್ಚಿನವರು ಎಡವುವುದು ಇಲ್ಲೇ. ನನ್ನ ತಮ್ಮ ಎಳನೀರು ಕುಡಿಯುವವನಂತೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಜೋರಾಗಿ ಉಸಿರೆಳೆದು, ಗಂಟಲಿಗಿಳಿದ ಔಷಧಿಗೆ ಮುಖ ಕಿವುಚಿ, ಮೂರೇ ದಿನಕ್ಕೆ ಬಾಟಲಿಯನ್ನು ಮೂಲೆಗೆ ಹಾಕಿದ್ದ. ಮೊದಲು ಮೂಗು ಸೀಂಟಿ ಹಗುರ ಮಾಡಿಕೊಳ್ಳಿ. ಬಾಟಲಿಯನ್ನು ಅಲುಗಾಡಿಸಿ, ಹೊಸದಾದರೆ ಸಣ್ಣ ಮಂಜಿನಂತೆ ಬರುವವರೆಗೆ ಗಾಳಿಗೆ ಒತ್ತಿ ನೋಡಿ. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದಲೂ ಎಡ ಹೊಳ್ಳೆಗೆ ಬಲಗೈಯಿಂದಲೂ ಹಿಡಿಯಿರಿ; ಹೀಗೆ ಹಿಡಿದರೆ ತುದಿ ತಾನಾಗಿಯೇ ಹೊರಕ್ಕೆ, ಅದೇ ಬದಿಯ ಕಿವಿಯತ್ತ ತಿರುಗುತ್ತದೆ. ಮೂಗಿನ ನಡುಗೋಡೆಗೆ ಸಿಂಪಡಿಸಿದರೆ ಅದು ಒಣಗಿ ರಕ್ತ ಬರುತ್ತದೆ. ಒತ್ತುವಾಗ ಹೂವಿನ ವಾಸನೆ ನೋಡುವಷ್ಟೇ ಮೆಲ್ಲಗೆ ಉಸಿರೆಳೆದು ಬಾಯಿಯಿಂದ ಬಿಡಿ. ಸಿಂಪಡಿಸಿದ ಕೂಡಲೇ ಸೀಂಟಬೇಡಿ. ಪೂರ್ಣ ಪರಿಣಾಮಕ್ಕೆ ಒಂದೆರಡು ವಾರ ಬೇಕಾಗಬಹುದಾದ್ದರಿಂದ, ಸೀನು ಬಂದ ದಿನ ಮಾತ್ರ ಹಾಕಿಕೊಳ್ಳದೆ ವೈದ್ಯರು ಹೇಳಿದಷ್ಟು ದಿನ ತಪ್ಪದೆ ಬಳಸಿ.

ಕ್ಷಣದಲ್ಲಿ ಮೂಗು ತೆರೆಸುವ ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಹನಿಗಳನ್ನು ನಾನಂತೂ ಮನೆಯಲ್ಲಿಡುವುದಿಲ್ಲ. ನಾಲ್ಕೈದು ದಿನ ಮೀರಿದರೆ ಅವೇ ಮೂಗನ್ನು ಮತ್ತಷ್ಟು ಕಟ್ಟಿಸುತ್ತವೆ, ಬಿಡಿಸಿಕೊಳ್ಳುವುದೂ ಕಷ್ಟ. ಅಲರ್ಜಿಗೆ ಕೊಡುವ ಸೆಟಿರಿಜಿನ್ ಮಾತ್ರೆ ತೂಕಡಿಕೆ ತರುವುದರಿಂದ ರಾತ್ರಿ ನುಂಗುವುದೇ ಮೇಲು. ಫೆಕ್ಸೋಫೆನಡಿನ್ ಆದರೆ ಹಣ್ಣಿನ ರಸ ಬೇಡ, ನೀರಿನೊಂದಿಗೇ ತೆಗೆದುಕೊಳ್ಳಿ. ಎದೆಯಲ್ಲಿ ಸುಯ್ಗುಡುವ ಸದ್ದು ಕೇಳಿದರೆ, ಉಸಿರು ಸಾಲದಂತಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಈ ವರ್ಷ ಸೀನು ಶುರುವಾದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಮುಂದಿನ ವರ್ಷ ಅದಕ್ಕೆ ಎರಡು ವಾರ ಮೊದಲೇ ಸ್ಪ್ರೇ ಆರಂಭಿಸಬೇಕೇ ಎಂದು ವೈದ್ಯರನ್ನು ಕೇಳಲು ಅದು ಬೇಕಾಗುತ್ತದೆ.