ಹೊಸಬರಿಗೆ ಮಾರ್ಗದರ್ಶಿ: ಅಮೆರಿಕದ ಚುನಾವಣೆ, ಓಟು, ಮತ್ತೆ ಡಿಎಂವಿ ಕೌಂಟರ್

ಡ್ರೈವಿಂಗ್ ಲೈಸೆನ್ಸಿಗೆಂದು ಡಿಎಂವಿಗೆ (ಇಲ್ಲಿನ ಆರ್‌ಟಿಒ) ಹೋಗುವ ಮೊದಲು ಇದೊಂದನ್ನು ಓದಿಕೊಳ್ಳಿ. ಫಾರಂ ತುಂಬುವಾಗ ‘ಮತದಾರರಾಗಿ ಹೆಸರು ನೋಂದಾಯಿಸುತ್ತೀರಾ?’ ಎಂಬ ಪ್ರಶ್ನೆ ಬರುತ್ತದೆ. 1993ರ ಕಾನೂನೊಂದರ ಪ್ರಕಾರ ಹೆಚ್ಚಿನ ರಾಜ್ಯಗಳಲ್ಲಿ ಇದನ್ನು ಕೇಳಲೇಬೇಕು. ಕೌಂಟರಿನವರು ನಗುತ್ತಾ ಕೇಳುತ್ತಾರೆ, ಹಿಂದೆ ಕ್ಯೂ ನಿಂತಿರುತ್ತದೆ, ನಾವು ಸುಮ್ನೆ ‘ಯೆಸ್’ ಅಂದುಬಿಡುತ್ತೇವೆ. ಅನ್ನಬೇಡಿ. ಎಚ್-1ಬಿ, ಎಲ್-1, ಎಚ್-4 ಯಾವುದೇ ವೀಸಾ ಇರಲಿ, ಗ್ರೀನ್ ಕಾರ್ಡೇ ಬಂದಿರಲಿ, ಅಮೆರಿಕದ ಪೌರತ್ವ ಸಿಗುವ ತನಕ ನಿಮ್ಮ ಉತ್ತರ ‘ನೋ’. ಸಿಟಿಜನ್ ಎಂಬ ಕಡೆ ತಪ್ಪಾಗಿ ಟಿಕ್ ಹಾಕಿದರೆ ಮುಂದೆ ಪೌರತ್ವ ಕೈತಪ್ಪಬಹುದು, ಗಡೀಪಾರೂ ಆಗಬಹುದು. ‘ಗೊತ್ತಾಗಲಿಲ್ಲ ಸರ್’ ಎಂದರೆ ಬಿಟ್ಟುಬಿಡುತ್ತಾರೆ ಎಂದು ನಂಬಿಕೊಂಡು ಕೂರುವ ಹಾಗಿಲ್ಲ. ಈಗಾಗಲೇ ಮನೆಗೆ ವೋಟರ್ ಕಾರ್ಡ್ ಬಂದುಬಿಟ್ಟಿದೆಯೇ? ಓಟು ಹಾಕಬೇಡಿ. ವಾಟ್ಸಾಪ್ ಗುಂಪಿನಲ್ಲಿ ಸಲಹೆ ಕೇಳಬೇಡಿ, ವಲಸೆ ವಕೀಲರನ್ನು ಕಾಣಿ. ಮೇರಿಲ್ಯಾಂಡಿನ ಟಕೋಮಾ ಪಾರ್ಕ್‌ನಂಥ ಕೆಲವೇ ಊರುಗಳಲ್ಲಿ ಪೌರರಲ್ಲದವರಿಗೂ ಊರಿನ ಚುನಾವಣೆಯಲ್ಲಿ ಓಟಿದೆ. ಅದು ಅಲ್ಲಿಗೆ ಮಾತ್ರ.

ಅಂಗಡಿ ಮುಂದೆ ಕ್ಲಿಪ್‌ಬೋರ್ಡ್ ಹಿಡಿದು ‘ಒಂದು ಸಹಿ ಹಾಕಿ’ ಎನ್ನುವವರಿಗೂ ಇದೇ ಉತ್ತರ. ಆ ಅರ್ಜಿಗಳಿಗೆ ಸಾಮಾನ್ಯವಾಗಿ ನೋಂದಾಯಿತ ಮತದಾರರ ಸಹಿಯೇ ಬೇಕು.

ಇನ್ನು ವ್ಯವಸ್ಥೆಯ ವಿಷಯ. ನಮ್ಮೂರಲ್ಲಿ ಎಂಎಲ್ಎ ಆರಿಸುತ್ತೇವೆ, ಬಹುಮತ ಬಂದ ಕಡೆಯವರು ಮುಖ್ಯಮಂತ್ರಿ ಆಗುತ್ತಾರೆ. ಬಹುಮತ ಹೋದರೆ ಕುರ್ಚಿಯೂ ಹೋಯಿತು. ಇಲ್ಲಿ ಅಧ್ಯಕ್ಷರ ಚುನಾವಣೆ ಬೇರೆ, ಕಾಂಗ್ರೆಸ್ಸಿನದು ಬೇರೆ. (ಕಾಂಗ್ರೆಸ್ ಎಂದರೆ ಇಲ್ಲಿ ಸಂಸತ್ತು, ಪಕ್ಷ ಅಲ್ಲ. ಅಪ್ಪ ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.) ಅಧ್ಯಕ್ಷರು ಒಂದು ಪಕ್ಷದವರು, ಸದನ ಇನ್ನೊಂದು ಪಕ್ಷದ ಕೈಯಲ್ಲಿ, ಇದು ಇಲ್ಲಿ ಮಾಮೂಲು. ಅವಿಶ್ವಾಸ ನಿರ್ಣಯ, ರೆಸಾರ್ಟ್ ರಾಜಕೀಯ ಎರಡೂ ಇಲ್ಲ.

ಅದರ ಬದಲು ಶಟ್‌ಡೌನ್ ಇದೆ. ಖರ್ಚಿನ ಮಸೂದೆ ಪಾಸಾಗದಿದ್ದರೆ ಸರ್ಕಾರದ ಎಷ್ಟೋ ಕಚೇರಿಗಳು ಬಾಗಿಲು ಹಾಕುತ್ತವೆ. 2025ರ ಅಕ್ಟೋಬರ್ 1ರಂದು ಶುರುವಾದದ್ದು 43 ದಿನ ನಡೆಯಿತು. ಆಗ ಕಾರ್ಮಿಕ ಇಲಾಖೆ ವಾರಗಟ್ಟಲೆ ಎಲ್‌ಸಿಎ (ಎಚ್-1ಬಿಗೆ ಮೊದಲು ಕಂಪನಿ ಸಲ್ಲಿಸುವ ಸಂಬಳ, ಷರತ್ತುಗಳ ಅರ್ಜಿ), ಪರ್ಮ್ (ಗ್ರೀನ್ ಕಾರ್ಡಿಗಾಗಿ ಕಂಪನಿ ಪಡೆಯುವ ಕಾರ್ಮಿಕ ಪ್ರಮಾಣಪತ್ರ) ಅರ್ಜಿಗಳನ್ನು ನಿಲ್ಲಿಸಿತ್ತು. ಎಲ್‌ಸಿಎ ಇಲ್ಲದೆ ಎಚ್-1ಬಿ ಅರ್ಜಿ ಮುಂದೆ ಹೋಗುವುದಿಲ್ಲ. ಕೆಲಸ ಬದಲಿಸುವ ಯೋಚನೆ ಇದ್ದರೆ ಸೆಪ್ಟೆಂಬರ್ ಕೊನೆಯಲ್ಲಿ ಸುದ್ದಿ ನೋಡುತ್ತಿರಿ. ಇಲ್ಲಿನ ಹಣಕಾಸು ವರ್ಷ ಮುಗಿಯುವುದು ಆಗಲೇ.

ಕಾಂಗ್ರೆಸ್ಸಿನ ಕೆಳಮನೆ ಹೌಸ್‌ನಲ್ಲಿ 435 ಜನ, ಅವಧಿ 2 ವರ್ಷ. ಮೇಲ್ಮನೆ ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ 100 ಜನ, ಅವಧಿ 6 ವರ್ಷ. ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ, ಪುಟ್ಟ ಜನಸಂಖ್ಯೆಯ ವೈಯೋಮಿಂಗ್‌ಗೂ ಇಬ್ಬರೇ. ಅಧ್ಯಕ್ಷರಾಗಲು ಎಲೆಕ್ಟರ್‌ಗಳ (ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು) 538 ಓಟುಗಳಲ್ಲಿ 270 ಬೇಕು. ಹೆಚ್ಚಿನ ರಾಜ್ಯಗಳಲ್ಲಿ ಒಂದು ಓಟು ಜಾಸ್ತಿ ಬಂದವರಿಗೂ ಆ ರಾಜ್ಯದ ಎಲ್ಲಾ ಎಲೆಕ್ಟರ್‌ಗಳು. ಹಾಗಾಗಿ 2016ರಲ್ಲಿ ದೇಶದಲ್ಲೆಲ್ಲ ಜಾಸ್ತಿ ಓಟು ಬಂದದ್ದು ಹಿಲರಿ ಕ್ಲಿಂಟನ್‌ಗೆ, ಅಧ್ಯಕ್ಷರಾದದ್ದು ಟ್ರಂಪ್.

ನಮಗೆ ನಿಜವಾಗಿ ಹೊಸದೆನಿಸುವುದು ಪ್ರೈಮರಿ. ಇಲ್ಲಿ ಬಿ ಫಾರಂ ಕೊಡಲು ಹೈಕಮಾಂಡ್ ಇಲ್ಲ. ಪಕ್ಷದ ಟಿಕೆಟ್ ಯಾರಿಗೆ ಎಂದು ಮತದಾರರೇ ಒಂದು ಸುತ್ತು ಓಟು ಹಾಕಿ ತೀರ್ಮಾನಿಸುತ್ತಾರೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಶಿಗನ್ ಗವರ್ನರ್ ಸ್ಥಾನಕ್ಕೆ ನಿಂತು ಪ್ರೈಮರಿಯಲ್ಲೇ ಸೋತರು. 2022ರಲ್ಲಿ ಅಲ್ಲಿಂದಲೇ ಹೌಸ್‌ಗೆ ಗೆದ್ದರು.

ಚುನಾವಣೆ ನಡೆಸುವುದು ರಾಜ್ಯ ಮತ್ತು ಕೌಂಟಿ (ನಮ್ಮ ಜಿಲ್ಲೆಯಂಥದ್ದು). ನಮ್ಮ ಚುನಾವಣಾ ಆಯೋಗದ ಹಾಗೆ ದೇಶಕ್ಕೆಲ್ಲ ಒಂದೇ ನಿಯಮ ಇಲ್ಲ. ಒರೆಗಾನ್‌ನಲ್ಲಿ ಮತಪತ್ರ ಅಂಚೆಯಲ್ಲೇ ಮನೆಗೆ ಬರುತ್ತದೆ. ಬೆರಳಿಗೆ ಮೈಸೂರಿನ ಶಾಯಿ ಇಲ್ಲ, ಅಂಗಿಗೆ ಸ್ಟಿಕ್ಕರ್. ನವೆಂಬರಿನ ಮಂಗಳವಾರವೇ ಚುನಾವಣೆ, ಆದರೆ ದೇಶಕ್ಕೆಲ್ಲ ರಜೆ ಇಲ್ಲ.

ಮತಪತ್ರವಂತೂ ಉದ್ದಕ್ಕೆ ಹೋಗುತ್ತದೆ. ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ), ಎಷ್ಟೋ ಕಡೆ ಜಡ್ಜ್, ಶಾಲಾ ಮಂಡಳಿ, ಶಾಲೆ ಕಟ್ಟಡಕ್ಕೆ ಸಾಲ ಎತ್ತಬೇಕೇ ಎಂಬ ಪ್ರಶ್ನೆಯೂ ಅಲ್ಲೇ. ಟಿವಿಯಲ್ಲಿ ಬರೋದು ಶ್ವೇತಭವನ, ಆದರೆ ನಿಮ್ಮ ಮಗುವಿನ ಶಾಲೆಯ ಗಡಿ (ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂಬುದು) ಬದಲಿಸುವುದು ಶಾಲಾ ಮಂಡಳಿ. ಅದರ ಸಭೆಗೆ ನೀವು ಹೋಗಬಹುದು. ಸಾರ್ವಜನಿಕರಿಗೆ ಮೀಸಲಿಟ್ಟ ಸಮಯದಲ್ಲಿ ಹೆಸರು ಕೊಟ್ಟು ಎರಡು ಮೂರು ನಿಮಿಷ ಮಾತನಾಡಬಹುದು. ಅದಕ್ಕೆ ಪೌರತ್ವ ಕೇಳುವುದಿಲ್ಲ.

ಹಾಗೆಯೇ ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿ. ವಲಸೆ ಅರ್ಜಿ ಮಾಮೂಲಿ ಅವಧಿ ಮೀರಿ ಕೊಳೆಯುತ್ತಿದ್ದರೆ ಅವರು ಇಲಾಖೆಗೆ ಬರೆದು ವಿಚಾರಿಸುತ್ತಾರೆ. ನೀವೊಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಡಬೇಕು. ಇದಕ್ಕೆ ದುಡ್ಡಿಲ್ಲ. ಓಟು ಇಲ್ಲದವರು ಎಂದು ಸಂಕೋಚಪಡುವವರೇ ಜಾಸ್ತಿ, ಪಡಬೇಡಿ.

ದುಡ್ಡಿನ ಬಗ್ಗೆ: ಗ್ರೀನ್ ಕಾರ್ಡ್ ಇದ್ದವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ವೀಸಾದಲ್ಲಿ ಇರುವವರು ಐದು ಡಾಲರ್ ಕೂಡ ಕೊಡುವಂತಿಲ್ಲ. ಫೋನಿಗೆ ಬರುವ ಲಿಂಕ್ ಒತ್ತುವ ಮುಂಚೆ ನೆನಪಿರಲಿ. ಸಂಬಳ ತೆಗೆದುಕೊಳ್ಳದೆ ಸ್ವಯಂಸೇವಕರಾಗಿ ಓಡಾಡಲು ಅಡ್ಡಿ ಇಲ್ಲ.

ರಾಜ್ಯೋತ್ಸವಕ್ಕೆ ಅಭ್ಯರ್ಥಿಗಳು ಬರುತ್ತಾರೆ, ಶಾಲು ಹೊದಿಸುತ್ತೇವೆ, ಹೋಳಿಗೆ ಊಟ ಹಾಕುತ್ತೇವೆ. ನವೆಂಬರ್ ತಿಂಗಳಲ್ಲವಾ! ಆದರೆ ನಮ್ಮ ಕನ್ನಡ ಸಂಘ ತೆರಿಗೆ ವಿನಾಯಿತಿ ಇರುವ 501(ಸಿ)(3) ಸಂಸ್ಥೆ. ಯಾರ ಪರವೂ ವೇದಿಕೆಯಿಂದ ಓಟು ಕೇಳುವಂತಿಲ್ಲ. ಮೈಕ್ ಸಿಕ್ಕಿತೆಂದು ಶುರು ಮಾಡಬೇಡಿ.

ಮನೆಯಲ್ಲಿ ಪೌರತ್ವ ಪಡೆದ ಅಪ್ಪ ಅಮ್ಮ ಇದ್ದು, ಇಂಗ್ಲಿಷ್ ಓದಲು ಕಷ್ಟವಾದರೆ, ತಮಗೆ ಬೇಕಾದವರನ್ನು ಮತಗಟ್ಟೆಯೊಳಗೆ ಸಹಾಯಕ್ಕೆ ಕರೆದುಕೊಂಡು ಹೋಗಬಹುದು. ಮಗಳಾಗಬಹುದು, ಸೊಸೆಯಾಗಬಹುದು, ಪಕ್ಕದ ಮನೆಯವರೂ ಆಗಬಹುದು. ಅಪ್ಪ ಅಮ್ಮ ಕೆಲಸ ಮಾಡುವ ಕಡೆಯ ಯಜಮಾನರು, ಅವರ ಕಾರ್ಮಿಕ ಸಂಘದ ಪದಾಧಿಕಾರಿಗಳು, ಇವರಿಬ್ಬರ ಪ್ರತಿನಿಧಿಗಳು ಮಾತ್ರ ಆಗುವಂತಿಲ್ಲ. ಯಾರಿಗೆ ಹಾಕಬೇಕು ಅನ್ನೋದು ಮಾತ್ರ ಅಮ್ಮನೇ ಹೇಳಬೇಕು, ಮಗಳಲ್ಲ.